ಕೊಬ್ಬಿಲ್ಲದ ಹುಳಿಪುಡಿ

ಹುಣಸೆಮರ ಕಾಯಿ ಕಚ್ಚುವ ಕಾಲ ಬಂತೆಂದರೆ ಮಿರಾಸೋಲ್‌ಗೆ ಅತ್ತೆಯನ್ನು ಮೊದಲು ಕಂಡ ದಿನ ಇಂದಿಗೂ ನೆನಪಾಗುತ್ತದೆ. ಬತಾಂಗಾಸ್‌ನ ಆ ಮನೆಯ ಹಿತ್ತಲಲ್ಲಿ ನಾನಾಯ್ ಕ್ರೆಸಿಂಗ್, ಅಂದರೆ ಕ್ರೆಸಿಂಗ್ ಅಮ್ಮ, ಲಂಗವನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಬಿದಿರು ಗಳದಿಂದ ಎಳೆಯ ಹುಣಸೆಕಾಯಿ ಉದುರಿಸುತ್ತಿದ್ದಳು. ನೆರೆತ ಕೂದಲ ತುಂಬ ಸಣ್ಣ ಸಣ್ಣ ಎಲೆ. ಮಗ ಮದುವೆಯಾಗಲಿರುವ ಹುಡುಗಿ ಮನಿಲಾದಲ್ಲಿ ಹುಳಿಸಾರಿನ ಪುಡಿಯ ಪೊಟ್ಟಣ ಕಟ್ಟುವ ಕಾರ್ಖಾನೆಯಲ್ಲಿ ಕೆಲಸಕ್ಕಿರುವವಳೆಂದು ಆಕೆಗೆ ಗೊತ್ತಿತ್ತು. ಮಿರಾಸೋಲ್ ಅಲ್ಲಿನ ರೂಢಿಯಂತೆ ಬಾಗಿ ಹಿರಿಯಳ ಕೈಯನ್ನು ಹಣೆಗೊತ್ತಿಕೊಂಡಾಗ ಆಕೆ ಮೂಗರಳಿಸಿದಳು.

"ಏನೇ ಹುಡುಗಿ, ಕೈಯೆಲ್ಲ ಹುಳಿ ವಾಸನೆ. ನಿನ್ನನ್ನೇ ಕುದಿಯೋ ನೀರಿಗೆ ಅದ್ದಿದ್ರೆ ಸಾರಾಗತ್ತೆ ಬಿಡು."

ಮದುವೆಯಾಗಿ ಬಂದ ಮೊದಲ ವರ್ಷಗಳಲ್ಲಿ ಭಾನುವಾರವೆಂದರೆ ಸಿನಿಗಾಂಗ್, ಹಂದಿಮಾಂಸದ ಹುಳಿಸಾರು. ನಾನಾಯ್ ಕಾಯಿ ಬೇಯಿಸಿ, ಸೌಟಿನ ಬೆನ್ನಿನಿಂದ ಹಿಸುಕಿ, ಅಕ್ಕಿ ತೊಳೆದ ಎರಡನೇ ನೀರಿಗೆ ರಸ ಸೋಸುವಳು. ಆ ಘಮಕ್ಕೆ ಪಕ್ಕದ ಮನೆಯವರೂ ಬಟ್ಟಲು ಹಿಡಿದು ಬರುತ್ತಿದ್ದರು. ಕಾರ್ಖಾನೆಯ ಪುಡಿಯ ಪೊಟ್ಟಣ ಮಾತ್ರ ಹೊಸಿಲು ದಾಟಲಿಲ್ಲ.

ಒಂದು ಮಳೆಗಾಲದಲ್ಲಿ ನಾನಾಯ್‌ಗೆ ಎದೆನೋವು ಬಂತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಕೊಬ್ಬು ಕೂಡದೆಂದರು. ಹಂದಿಮಾಂಸವಿಲ್ಲದ ಊಟ ಆಕೆಗೆ ಸೇರಲಿಲ್ಲ. ಎರಡು ತುತ್ತಿಗೆ ತಟ್ಟೆ ದೂಡುವಳು. ದಿನೇ ದಿನೇ ಸೊರಗಿದಳು. ಎದೆ ಉಳಿಸಲು ಹೋಗಿ ಜೀವವನ್ನೇ ಕಳೆದುಕೊಳ್ಳುತ್ತೇವೆಂದು ಮಿರಾಸೋಲ್ ಹೆದರಿದಳು. ಹುಳಿ ತಾಕಿದರಾದರೂ ನಾಲಿಗೆ ಏಳಲೆಂದು, ಮರದಲ್ಲಿ ಕಾಯಿಲ್ಲದ ಆ ಕಾಲದಲ್ಲಿ, ಒಂದು ಪೊಟ್ಟಣ ತಂದಳು.

"ಕೊಬ್ಬಿಲ್ಲ ಅಂತ ಇದರ ಮೇಲೇ ಬರೆದಿದೆ, ನಾನಾಯ್."

ಮರುದಿನ ಮಿರಾಸೋಲ್ ಸಂತೆಯಿಂದ ಬರುವಷ್ಟರಲ್ಲಿ ಮನೆಯೆಲ್ಲ ಘಮಘಮ. ಬಟ್ಟಲಲ್ಲಿ ಜಿಡ್ಡು ತೇಲುತ್ತಿತ್ತು. ನಾನಾಯ್ ಚಮಚ ಎತ್ತಿದ್ದಳು.

"ಹಂದಿ ಹೊಟ್ಟೆಮಾಂಸ ಹಾಕಿದ್ರಾ?"

"ಹಾಕ್ದೆ. ಕೊಬ್ಬಿಲ್ಲ ಅಂತ ನೀನೇ ಓದಿ ಹೇಳಿದ್ಯಲ್ಲ?"

"ಪುಡೀಲಿಲ್ಲ ಅಂದೆ. ಪೊಟ್ಟಣದ ಮೇಲೆ ಬರೆದಿರೋದು ಹಂದಿಗೇನು ಗೊತ್ತು?"

ಮಿರಾಸೋಲ್ ಬಟ್ಟಲು ಎಳೆದುಕೊಂಡಳು. ಆ ಮನೆಯಲ್ಲಿ ಯಾರೂ ನಾನಾಯ್ ಮುಂದಿನ ಬಟ್ಟಲಿಗೆ ಕೈ ಹಾಕಿದವರಿಲ್ಲ.

"ಬೈಕೊಳ್ಳಿ. ಬೈಯಕ್ಕಾದ್ರೂ ನೀವು ಇರ್ಬೇಕು."

ನಾನಾಯ್ ಚಮಚ ಕೆಳಗಿಟ್ಟಳು. ಮಿರಾಸೋಲ್ ಬೇರೆ ಪಾತ್ರೆಯಲ್ಲಿ ಅಕ್ಕಿ ತೊಳೆದ ನೀರು ಕಾಯಿಸಿ, ಮೂಲಂಗಿ, ಸೊಪ್ಪು, ಜಿಡ್ಡಿಲ್ಲದ ಬಿಳಿಮೀನು ಹಾಕಿ, ಉಳಿದ ಪುಡಿ ಕದಡಿದಳು. ಅತ್ತೆ ಒಂದು ಗುಟುಕು ಕುಡಿದು ಕಣ್ಣು ಕಿರಿದು ಮಾಡಿದಳು.

"ಮೀನು ಬಡಪಾಯಿ. ಹುಳಿ ಪರವಾಗಿಲ್ಲ. ನಿಮ್ ಕಾರ್ಖಾನೆಯೋರ ಹಿತ್ತಲಲ್ಲೂ ಒಂದು ಮರ ಇರ್ಬೇಕು."

ಆ ಹೊತ್ತು ಅನ್ನ ಎರಡನೇ ಸಲ ಬಡಿಸಿಕೊಂಡಳು.

ನಾನಾಯ್ ಕ್ರೆಸಿಂಗ್‌ಗೆ ಈಗ ಎಪ್ಪತ್ತಾರು. ದಿನದ ಮೀನಿನ ಸಾರನ್ನು ಪೊಟ್ಟಣದ ಪುಡಿಯಿಂದ ತಾನೇ ಮಾಡುತ್ತಾಳೆ. ನೆಂಟರು ಬಂದರೆ ಹಂದಿಮಾಂಸದ್ದನ್ನೂ ಮಾಡುತ್ತಾಳೆ, ತಾನು ಬಾಯಿಗಿಡದೆ ಉಪ್ಪು ಹುಳಿ ನೋಡಲು ಸೊಸೆಯನ್ನು ಕರೆಯುತ್ತಾಳೆ.