ಇಸುಬು ಮುಟ್ಟದ ವೈರು

ಮಸ್ಕತ್ತಿನ ಹಮ್ರಿಯಾದ ಇಸುಬುವಿನ ಕೈಗೊಂದು ಸ್ಪ್ಯಾನರ್ ಕೊಟ್ಟರೆ ಒಂಟೆಯ ಗೂನನ್ನೂ ಬಿಚ್ಚಿ, ಸಮಮಾಡಿ, ತಿರುಗಿ ಕೂರಿಸುತ್ತಾನೆ ಎಂದು ಜನ ಹೇಳುತ್ತಿದ್ದರು. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿದೆ, ಒಂಟೆ ಒಪ್ಪುತ್ತಿರಲಿಲ್ಲ. ಉಳಿದಂತೆ ನಲ್ಲಿ, ಫ್ಯಾನು, ಚಿಲಕ, ಟಿ.ವಿ. ಡಿಶ್ಶು, ಹೊಲಿಗೆ ಮಿಷನ್ನು ಎಲ್ಲದರ ವಿದ್ಯೆಯೂ ಅವನು ಪಾಣೆಮಂಗಳೂರಿನಿಂದ ಹೊರಡುವಾಗಲೇ ಬೆರಳ ತುದಿಯಲ್ಲಿತ್ತು. ಆದರೆ ಒಮಾನಿನಲ್ಲಿ ಅವನಿಗೆ ಸಿಕ್ಕಿದ ಬತಾಕದಲ್ಲಿ, ಅಂದರೆ ಕೆಲಸದ ಕಾರ್ಡಿನಲ್ಲಿ, ಬರೆದದ್ದು ಒಂದೇ ವಿದ್ಯೆ: ಪ್ಲಂಬರ್. ಅವನ ಕಫೀಲನ, ಅಂದರೆ ವೀಸಾ ಕೊಟ್ಟು ಕರೆಸಿದ ಧಣಿಯ, ಅಂಗಡಿಗೆ ಇದ್ದದ್ದೂ ಅದೊಂದೇ ಲೈಸೆನ್ಸು. ನೀರು ಹರಿಯುವಲ್ಲಿ ಇಸುಬು ಮೇಸ್ತ್ರಿ. ಕರೆಂಟು ಹರಿಯುವಲ್ಲಿ ಅಪರಾಧಿ.

ಕಾನೂನಿಗಿಂತ ಅವನು ಹೆದರುತ್ತಿದ್ದದ್ದು ನಮ್ಮವರ ಒಂದು ಮಾತಿಗೆ. ನಲ್ಲಿ ಸರಿಮಾಡಿ ಕೈ ಒರೆಸಿಕೊಳ್ಳುವಷ್ಟರಲ್ಲಿ "ಹೇಗೂ ಬಂದಿದ್ದೀರಲ್ಲ" ಎಂದು ಶುರುವಾಗುತ್ತದೆ. ಫ್ಯಾನು ಕಿರಗುಟ್ಟುತ್ತದೆ, ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತದೆ, ಒಂದು ಚೂರು ನೋಡಿಬಿಡಿ. ಎಷ್ಟು ಓದಿದವರೂ ಇದನ್ನು ಕೆಲಸವೆಂದು ಭಾವಿಸುವುದಿಲ್ಲ. ಚಹಾದ ಜೊತೆ ಬರುವ ಬಿಸ್ಕತ್ತು ಎಂದುಕೊಳ್ಳುತ್ತಾರೆ. ಹೀಗೆ ಒಂದು ವಾಶರು ಹಾಕಲು ಹೋದ ಇಸುಬು ಆ ಮನೆಯಿಂದ ಹೊರಬೀಳುವಾಗ, ಮಗಳ ಜಾತಕವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ರಿಪೇರಿ ಮಾಡಿದ್ದ.

ಆ ಬಿಸ್ಕತ್ತು ಗಂಟಲಿಗೆ ಸಿಕ್ಕಿಕೊಂಡದ್ದು ರೂವಿಯಲ್ಲಿ, ಮ್ಯಾಕ್ಸಿಮ್ ಎಂಬ ಆಫೀಸು ಗುಮಾಸ್ತನ ಮನೆಯಲ್ಲಿ. ಸಿಂಕಿನ ಕೆಲಸ ಮುಗಿದ ಮೇಲೆ ಮ್ಯಾಕ್ಸಿಮನೇ ಏಣಿ ತಂದು, ತಾನೇ ಹಿಡಿದು, ಬಾಗಿಲ ಹೊರಗಿನ ಲೈಟು ಬದಲಿಸಲು ಇಸುಬುವನ್ನು ಹತ್ತಿಸಿದ್ದ. ಅಷ್ಟರಲ್ಲಿ ಕೆಳಗಿನ ಅಂಗಡಿಗಳ ತಪಾಸಣೆಗೆ ಬಂದಿದ್ದ ಲೇಬರ್ ಇನ್‌ಸ್ಪೆಕ್ಟರುಗಳು ಮೆಟ್ಟಿಲು ಹತ್ತಿ ಬಂದರು. ಬತಾಕ ನೋಡಿದರು, ವೈರು ನೋಡಿದರು. ಮ್ಯಾಕ್ಸಿಮ್ ಏಣಿಯನ್ನು ಬಿಸಿ ಬಾಣಲೆಯ ಹಾಗೆ ಬಿಟ್ಟುಬಿಟ್ಟ.

"ನಾನು ಕರೆದದ್ದು ಸಿಂಕಿಗೆ ಸರ್. ಇವನು ಮೇಲೆ ಯಾಕೆ ಹತ್ತಿದ ಅಂತ ಇವನನ್ನೇ ಕೇಳಬೇಕು."

ಇಸುಬುವಿನ ಬಾಯಲ್ಲಿ ಆಗ ಎರಡು ಸ್ಕ್ರೂ ಇದ್ದವು. ಇಲ್ಲದಿದ್ದರೆ ಅಲ್ಲಿಂದ ಹೊರಡುತ್ತಿದ್ದ ಮಾತಿಗೆ ಮಸ್ಕತ್ತಿನ ಗುಡ್ಡಗಳು ಇನ್ನೂ ಕಪ್ಪಾಗುತ್ತಿದ್ದವು. ಕಫೀಲ್ ಬಂದು, ಗಡ್ಡ ಹಿಡಿದು ಬೇಡಿ, ಬಿಡಿಸಿಕೊಂಡ. ಇನ್ನೊಮ್ಮೆ ಸಿಕ್ಕಿದರೆ ಖಲಾಸ್, ಸೀದಾ ವಿಮಾನಕ್ಕೆ. ಏಣಿ ಹಿಡಿದವನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಅಂದಿನಿಂದ ಇಸುಬು, ಕುಡಿತ ಬಿಟ್ಟವನು ಬಾಟಲಿ ಅಡಗಿಸುವ ಹಾಗೆ, ತನ್ನ ಟೆಸ್ಟರನ್ನು ಟ್ರಂಕಿನ ತಳದಲ್ಲಿ ಅಡಗಿಸಿದ. ಗಿರಾಕಿಯ ಮನೆಯಲ್ಲಿ ಲೈಟಿನ ಸ್ವಿಚ್ಚನ್ನೂ ಒತ್ತುತ್ತಿರಲಿಲ್ಲ. ಮನೆಯವರು ಬಂದು ಹಾಕುವ ತನಕ ಬಚ್ಚಲಿನ ಕತ್ತಲಲ್ಲಿ ದೆವ್ವದ ಹಾಗೆ ನಿಂತಿರುತ್ತಿದ್ದ.

ಎರಡು ಸಾವಿರದ ಐದರ ಜನವರಿಯಲ್ಲಿ ಚಲುವರಾಜುವಿನ ಮನೆಯಿಂದ ಕರೆ ಬಂತು. ಮೈಸೂರಿನವನು, ಕಂಪನಿಯೊಂದರಲ್ಲಿ ಅಕೌಂಟ್ಸ್ ಮ್ಯಾನೇಜರು. ಚಳಿಗಾಲ ಕಳೆಯಲು ಅವನ ತಾಯಿ ಮುನಿಯಮ್ಮ ಬಂದಿದ್ದರು. ನಲ್ಲಿ ತೊಂದರೆ, ಅಷ್ಟೇ ಹೇಳಿದ್ದ.

"ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣಪ್ಪ," ಎಂದರು ಮುನಿಯಮ್ಮ. "ಹವಾಯಿ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು ಅಂತಾನೆ ಇವನು. ಈ ವಯಸ್ಸಲ್ಲಿ ಚಪ್ಪಲಿ ಹಾಕ್ಕೊಂಡು ಸೂರ್ಯನಾರಾಯಣನಿಗೆ ಅರ್ಘ್ಯ ಬಿಡ್ತಾ ಇದೀನಿ."

ಇಸುಬು ಬೆರಳಿನ ಹಿಂಭಾಗವನ್ನು ನಲ್ಲಿಗೆ ತಾಗಿಸಿದ. ಅವನ ಮೀಸೆ ಎದ್ದು ನಿಂತು ಸಲಾಂ ಹೇಳಿತು.

"ಅಮ್ಮ, ಮೊದಲು ಮೈನ್ ಸ್ವಿಚ್ ಆಫ್ ಮಾಡಿ. ನೀವೇ ಮಾಡಿ." ಆಫ್ ಆದ ಮೇಲೆ ಚಲುವರಾಜುವಿಗೆ ಹೇಳಿದ, "ನಲ್ಲಿ ಸರಿ ಉಂಟು ಸರ್. ಗೀಸರಿನೊಳಗೆ ಕರೆಂಟು ನೀರಿಗೆ ಇಳಿದಿದೆ. ಎಲೆಕ್ಟ್ರಿಷಿಯನ್ ಕರೆಸಿ."

"ಹೇಗೂ ಬಂದಿದ್ದೀರಲ್ಲ ಭಾಯಿ, ನೀವೇ ನೋಡಿಬಿಡಿ. ಎರಡು ವೈರು ತಾನೆ?"

"ಎರಡೇ. ಎರಡೂ ನನ್ನ ಬತಾಕದಲ್ಲಿ ಇಲ್ಲ."

"ಇಲ್ಲಿ ಯಾರ್ರೀ ಬಂದು ನೋಡ್ತಾರೆ?"

ಇಸುಬುವಿನ ಬೆರಳುಗಳು ತುರಿಸುತ್ತಿದ್ದವು. ಚಹಾ ಆರುವುದರೊಳಗೆ ಮುಗಿಯುವ ಕೆಲಸ ಅದು. ಆದರೆ ಮ್ಯಾಕ್ಸಿಮನ ಏಣಿ ನೆನಪಾಗಿ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಸರ್, ಒಂದು ಮಾತು ಕೇಳುತ್ತೇನೆ. ಯಾರಾದರೂ ಬಂದು ನನ್ನನ್ನು ಹಿಡಿದರು ಅಂತ ಇಟ್ಟುಕೊಳ್ಳಿ. ಲೇಬರ್ ಆಫೀಸಿಗೆ ಬಂದು 'ನಾನೇ ಮಾಡಿಸಿದ್ದು' ಅಂತ ಹೇಳುತ್ತೀರಾ?"

ಚಲುವರಾಜು ಕನ್ನಡಕ ತೆಗೆದು ಒರೆಸಿದ. "ಅದು... ನಮ್ಮ ಕಂಪನಿ ಪೊಸಿಷನ್ ಇರುತ್ತಲ್ಲ. ನಾನು ಹಾಗೆಲ್ಲ ಬರಕ್ಕಾಗಲ್ಲ."

"ನಿಮಗೆ ಪೊಸಿಷನ್ ಉಂಟು. ನನಗೆ ಇರುವುದು ಬತಾಕ ಒಂದೇ."

"ಸರಿ ಬಿಡ್ರಿ. ಈಗ ಮತ್ತೆ ಆನ್ ಮಾಡ್ತೀನಿ. ಚಪ್ಪಲಿ ಹಾಕ್ಕೊಂಡೇ ಸ್ನಾನ ಮಾಡ್ತಾರೆ. ಎಲೆಕ್ಟ್ರಿಷಿಯನ್ನು ಮುಂದಿನ ವಾರ ನೋಡೋಣ."

ಇಸುಬುವಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅಡುಗೆಮನೆಯ ಸ್ಟೂಲನ್ನು ಎಳೆದು ತಂದು ಮೈನ್ ಸ್ವಿಚ್ಚಿನ ಕೆಳಗೆ ಹಾಕಿ, ಬೆನ್ನನ್ನು ಅದರ ಮುಚ್ಚಳಕ್ಕೆ ಒರಗಿಸಿ ಕೂತ.

"ಏನ್ರೀ ಇದು?"

"ಕೂತದ್ದು ಸರ್. ಪ್ಲಂಬರ್ ಕೂರಬಾರದು ಅಂತ ಯಾವ ಕಾನೂನಿನಲ್ಲೂ ಇಲ್ಲ. ಎಲೆಕ್ಟ್ರಿಷಿಯನ್ ಬರುವ ತನಕ ಕೂರುತ್ತೇನೆ. ಗೀಸರ್ ಒಂದನ್ನೇ ಆಫ್ ಮಾಡಿಸಿ ಹೋದರೆ, ನಾನು ಮೆಟ್ಟಿಲು ಇಳಿಯುವ ಮೊದಲೇ ನೀವು ಆನ್ ಮಾಡುತ್ತೀರಿ."

ಮನೆ ಪೂರ್ತಿ ಕರೆಂಟಿಲ್ಲ. ಫ್ರಿಜ್ಜು ಬೆವರತೊಡಗಿತು. ಟಿ.ವಿ.ಯಲ್ಲಿ ಕ್ರಿಕೆಟ್ಟು ಇದ್ದ ದಿನ. ಚಲುವರಾಜು ಗದರಿದ, ನಕ್ಕ, ಹೆಗಲು ತಟ್ಟಿದ; ಇಸುಬು ರುಸ್ತಾಕಿನ ಕೋಟೆಯ ಹಾಗೆ ಕೂತಿದ್ದ. ಮುನಿಯಮ್ಮ ಇಸುಬುವಿನ ಕೈಗೆ ಒಂದು ತಟ್ಟೆ ಉಪ್ಪಿಟ್ಟು ಕೊಟ್ಟು, ಎದುರಿಗೆ ಇನ್ನೊಂದು ಕುರ್ಚಿ ಹಾಕಿಕೊಂಡು ತಾವೂ ಕೂತರು.

ಕೊನೆಗೆ ಚಲುವರಾಜು ರೂವಿಯ ಎಲೆಕ್ಟ್ರಿಕಲ್ ಅಂಗಡಿಯೊಂದಕ್ಕೆ ಫೋನ್ ಮಾಡಿದ. ಎಲೆಕ್ಟ್ರಿಷಿಯನ್ ಕಾರ್ಡಿದ್ದ ಪಾಸ್ಕಲ್ ಬಂದು ವೈರು ಬಿಚ್ಚಿದ. ಬಿಚ್ಚಿ ಕೈಕಟ್ಟಿ ನಿಂತ.

"ಗೀಸರ್ ಕೆಳಗಿಳಿಸಬೇಕು. ಪೈಪು ನನ್ನ ಕೆಲಸವಲ್ಲ ಬ್ಯಾರಿಗಳೇ," ಎಂದ ಇಸುಬುವಿನ ಕಡೆ ತಿರುಗಿ.

"ಅದು ನನ್ನದು," ಎಂದು ಇಸುಬು ಎದ್ದ.

ಆ ಗೀಸರಿನ ನಟ್ಟನಡುವೆ ಆ ದಿನ ಎರಡು ದೇಶಗಳ ಗಡಿ ಹಾದುಹೋಗಿತ್ತು. ಇತ್ತ ಇಸುಬು, ಅತ್ತ ಪಾಸ್ಕಲ್. ಒಬ್ಬನ ಸ್ಪ್ಯಾನರ್ ಇನ್ನೊಬ್ಬನ ಸೀಮೆಗೆ ಕಾಲಿಡಲಿಲ್ಲ. ಸುಟ್ಟ ಕಾಯಿಲು ಹೊರಬಂದು ಹೊಸದು ಕೂತಿತು. ಪಾಸ್ಕಲ್ ಮೈನ್ ಸ್ವಿಚ್ ಆನ್ ಮಾಡಿದ. ಮುನಿಯಮ್ಮ ಚಪ್ಪಲಿ ಕಳಚಿ, ಬರಿಗಾಲಲ್ಲಿ ನಿಂತು, ನಲ್ಲಿಯನ್ನು ಬರಿಗೈಯಲ್ಲಿ ಹಿಡಿದು ನೋಡಿದರು. ಏನೂ ಆಗಲಿಲ್ಲ.

ಕ್ರಿಕೆಟ್ಟು ಅಷ್ಟರಲ್ಲಿ ಮುಗಿದಿತ್ತು. ಬಾಗಿಲ ತನಕ ಬಂದ ಚಲುವರಾಜು, "ನಾಳೆ ನಿಮ್ಮ ಕಫೀಲನಿಗೆ ಫೋನ್ ಮಾಡ್ತೀನಿ. ನಿಮ್ಮ ಮನುಷ್ಯ ಹೇಳಿದ ಕೆಲಸ ಮಾಡಲ್ಲ ಅಂತ," ಎಂದ.

"ಮಾಡಿ ಸರ್," ಎಂದ ಇಸುಬು, ಚೀಲ ಹೆಗಲಿಗೇರಿಸುತ್ತ. "ಎಂತ ಕೆಲಸ ಹೇಳಿದ್ದು ಅಂತಲೂ ಹೇಳಿ."

ಮುನಿಯಮ್ಮ ಒಳಗಿನಿಂದ ಫೋನನ್ನು ವೈರಿನ ಸಮೇತ ಎತ್ತಿಕೊಂಡು ಬಂದರು. "ನಾಳೆ ತನಕ ಯಾಕೋ? ತಗೋ, ಈಗಲೇ ಮಾಡು."

ಚಲುವರಾಜು ಫೋನನ್ನು ನೋಡಿದ, ತಾಯಿಯನ್ನು ನೋಡಿದ, ಬಾಗಿಲು ಮುಚ್ಚಿದ.