ವಿಮಾನ ಏಳುವ ಮೊದಲೇ ಬಂದವನು

ಯಾರನ್ನೂ ನಂಬಿಸಬೇಕೆಂದು ಹೇಳುತ್ತಿಲ್ಲ. ಬಾಳೂರಿನ ಕಾಫಿ ಎಸ್ಟೇಟಿನ ಕೆಲಸದವರ ಸಾಲುಮನೆಗಳಲ್ಲಿ, ನಮ್ಮ ಲೈನ್ ಮನೆಯಲ್ಲಿ, ನನಗೇ ಆದದ್ದು. ಒಂದು ಮಾತೂ ಸೇರಿಸಿಲ್ಲ.

ಅಂದು ಮಧ್ಯಾಹ್ನ ಅಪ್ಪ ತೀರಿಕೊಂಡರು. ಅಣ್ಣ ದಿನೇಶ ಇರುವುದು ಹುಬ್ಬಳ್ಳಿಯಲ್ಲಿ. ಬಸ್ಸಿನಲ್ಲಿ ಬಂದರೆ ಬೆಳಗಾಗುತ್ತದೆ. ಆಗ ಅಲ್ಲಿಂದ ಮಂಗಳೂರಿಗೆ ಸಂಜೆ ಒಂದು ವಿಮಾನವಿತ್ತು, ಹಾರಾಟ ಒಂದೇ ಗಂಟೆಯದು. ಇಳಿದು ಚಾರ್ಮಾಡಿ ಘಾಟಿ ಹತ್ತಿದರೆ ಮೂರು ಗಂಟೆಯಲ್ಲಿ ಮನೆ. ಮೂಡಿಗೆರೆಯ ಟ್ಯಾಕ್ಸಿ ಡ್ರೈವರ್ ಸುಧೀರನನ್ನು ಮಂಗಳೂರಿಗೆ ಕಳಿಸಿದೆ. ಅವನು ಅಣ್ಣನನ್ನು ಎಂದೂ ನೋಡಿದವನಲ್ಲ.

ನನಗೆ ಅಳು ಬಂದಿರಲಿಲ್ಲ. ಕೈಕಾಲು ಬೇರೆ ಯಾರದೋ ಅನ್ನಿಸುತ್ತಿತ್ತು...

ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ರಾತ್ರಿ ಕಾಫಿ ಒಣಗಿಸುವ ಕಣಕ್ಕೆ ಬಂದು ನಿಂತೆ. ಒಣಗುತ್ತಿದ್ದ ಹಣ್ಣಿನ ಹುಳಿ ವಾಸನೆ. ಫೋನ್ ಬಡಿದುಕೊಂಡಿತು. ಸುಧೀರ.

"ಅಕ್ಕ, ಕೊಟ್ಟಿಗೆಹಾರ ದಾಟಿದ್ವಿ. ಅಣ್ಣ ಹಿಂದೆ ಮಲಗಿದಾರೆ."

ಇಡುವಷ್ಟರಲ್ಲಿ ಮತ್ತೊಂದು ಕರೆ. ಅಣ್ಣನದು.

"ಎಷ್ಟ್ ಹೊತ್ತಿಂದ ಮಾಡ್ತಿದೀನಿ! ವಿಮಾನ ಎದ್ದೇ ಇಲ್ಲ ಕಣೇ. ಈಗ ರದ್ದು ಅಂತಿದಾರೆ. ಹುಬ್ಬಳ್ಳೀಲೇ ಇದೀನಿ, ಬಸ್ ಹಿಡೀತೀನಿ."

ಅವನ ಹಿಂದೆ ವಿಮಾನ ನಿಲ್ದಾಣದ ಮೈಕಿನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

ತಕ್ಷಣ ಸುಧೀರನಿಗೆ ಮಾಡಿದೆ. "ಹಿಂದೆ ಇರೋದು ಯಾರು?"

"ಅಣ್ಣ ಅಲ್ವಾ?"

"ಅಣ್ಣ ಹುಬ್ಬಳ್ಳೀಲಿದಾನೆ."

ಕಾರು ನಿಂತದ್ದು ಫೋನಿನಲ್ಲೇ ಕೇಳಿಸಿತು. ಇಂಡಿಕೇಟರ್ ಟಿಕ್... ಟಿಕ್... ಅನ್ನುತ್ತಿತ್ತು.

"ನಾನು ಬಾಳೂರಿಗಾ ಅಂತ ಕೇಳ್ದೆ ಅಕ್ಕ. ತಲೆ ಆಡ್ಸಿ ಹತ್ತಿದ್ರು." ಆಮೇಲೆ ಉಸಿರಲ್ಲೇ ಅಂದ, "ಎದ್ರು..."

ಹಿಂದಿನಿಂದ ನಿಧಾನವಾದ ದನಿ ಬಂತು. "ಯಾಕೆ ನಿಲ್ಸಿದ್ಯೋ ಮಾರಾಯ? ಅಪ್ಪ ಕಾಯ್ತಿದಾರೆ."

ಅದು ಅಣ್ಣನದೇ ದನಿ.

"ಏನ್ ಮಾಡ್ಲಿ ಅಕ್ಕ?" ಸುಧೀರ ಅಳುವಂತಿದ್ದ.

ಹೆದರಬೇಕಿತ್ತು. ಇಳಿಸಿಬಿಡು ಎನ್ನಬೇಕಿತ್ತು. ನನ್ನೊಳಗೆ ಏನೂ ಅಲ್ಲಾಡಲಿಲ್ಲ.

"ಕರ್ಕೊಂಡು ಬಾ," ಎಂದೆ.

ಕಾರು ಬಂದು ಕಣದ ಅಂಚಿಗೆ ನಿಂತಿತು. ಹಿಂದಿನ ಬಾಗಿಲು ತೆರೆದಿತ್ತು, ಸೀಟು ಖಾಲಿ. ಸುಧೀರ ಸ್ಟೀರಿಂಗ್ ಬಿಟ್ಟಿರಲಿಲ್ಲ.

"ಎಲ್ಲಿ?"

"ಇಳಿದ್ರಲ್ಲ... ನಿಮ್ಮ ಪಕ್ಕದಲ್ಲೇ ಹೋದ್ರು."

ನಾನು ಯಾರನ್ನೂ ನೋಡಿರಲಿಲ್ಲ.

ಒಳಗೆ ಹೋದೆ. ಅಮ್ಮ ಅಪ್ಪನ ತಲೆಯ ಬಳಿ ಕೂತಿದ್ದಳು. ಅಷ್ಟು ಹೊತ್ತೂ ಅಲ್ಲಾಡದವಳು ಈಗ ಸರಿದು ಚಾಪೆಯ ಮೇಲೆ ಒಬ್ಬರಿಗೆ ಜಾಗ ಬಿಟ್ಟಿದ್ದಳು. ಖಾಲಿ ಜಾಗದ ಮೇಲೆ ಕೈಯಿಟ್ಟು, ಮೊದಲ ಸಲ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಆ ಜಾಗವನ್ನು ಮುಟ್ಟಿ ನೋಡಿದೆ.

ಬೆಚ್ಚಗಿತ್ತು.

ಬೆಳಿಗ್ಗೆ ಅಣ್ಣ ಬಂದ. ಬಸ್ಸಿನ ಧೂಳು, ಕೆಂಪು ಕಣ್ಣು. ಅಮ್ಮನ ಕಾಲ ಬಳಿ ಕುಸಿದು, "ತಡ ಆಯ್ತಮ್ಮ, ಕ್ಷಮ್ಸು," ಎಂದು ಅತ್ತ.

ಅಮ್ಮ ಅವನನ್ನು ವಿಚಿತ್ರವಾಗಿ ನೋಡಿದಳು. "ರಾತ್ರಿನೇ ಬಂದ್ಯಲ್ಲೋ. ನನ್ನ ಜೊತೆ ಕೂತು ಅತ್ತೆ. ಈಗ ಇನ್ನೆಂಥ ಅಳು?"

ಅಣ್ಣ ನನ್ನತ್ತ ನೋಡಿದ. ನಾನು ಗೋಡೆಯತ್ತ ನೋಡಿದೆ.

ಎಷ್ಟೋ ದಿನ ಅವನು ವಾದಿಸಿದ. ಆ ರಾತ್ರಿ ತಾನು ಬಸ್ಸಿನಲ್ಲಿದ್ದೆ ಎಂದ, ಟಿಕೆಟ್ ತೋರಿಸಿದ. ಅಮ್ಮ ನಕ್ಕು ತಲೆ ನೇವರಿಸುತ್ತಿದ್ದಳು. ಈಗ ಅವನೂ ವಾದ ಬಿಟ್ಟಿದ್ದಾನೆ. "ಹೌದಮ್ಮ, ಬಂದಿದ್ದೆ," ಅನ್ನುತ್ತಾನೆ.

ಹಾಗೆ ಅವನು ಅಂದಾಗಲೆಲ್ಲ ಅವನ ಮುಖ ನೋಡಲು ನನಗೆ ಆಗುವುದಿಲ್ಲ... ಬಂದವನು ವಾಪಸ್ಸು ಹೋದದ್ದನ್ನು ನಮ್ಮಲ್ಲಿ ಯಾರೂ ನೋಡಿಲ್ಲ.