ಅರೆದ ಅನ್ನದ ಹಸಿವು

ಸಂಪಾಜೆಯ ತಿರುವೊಂದರಲ್ಲಿ ಸ್ಕೂಟರ್ ಜಾರಿ ನನ್ನ ದವಡೆ ಮುರಿಯಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಮೇಲಿನ ಹಲ್ಲುಗಳನ್ನೂ ಕೆಳಗಿನ ಹಲ್ಲುಗಳನ್ನೂ ಸೇರಿಸಿ ತಂತಿಯಿಂದ ಬಿಗಿದರು. ಮೂಳೆ ಕೂಡುವವರೆಗೆ ಬಾಯಿ ತೆರೆಯುವಂತಿಲ್ಲ, ಜಗಿಯುವಂತಿಲ್ಲ. ಕಡಬದ ಶಾಲೆಯೊಂದರಲ್ಲಿ ಪಾಠ ಹೇಳುವ ನಾನು ರಜೆ ಹಾಕಿ ಮನೆಯಲ್ಲಿ ಕುಳಿತೆ.

ಅಡುಗೆಯನ್ನು ಗಂಡ ವಹಿಸಿಕೊಂಡರು. ತಾವು ಉಣ್ಣುವುದನ್ನೇ ನನಗೂ ಕೊಡಬೇಕೆಂಬುದು ಅವರ ಹಟ. ಕುಚ್ಚಲಕ್ಕಿ ಅನ್ನ, ಬಸಳೆ ಸಾಂಬಾರು, ಪಲ್ಯ ಎಲ್ಲವನ್ನೂ ಮಿಕ್ಸಿಗೆ ಹಾಕಿ ಅರೆದು, ನೀರು ಬೆರೆಸಿ, ಸೋಸಿ ತರುತ್ತಿದ್ದರು. ತಟ್ಟೆ ತುಂಬ ಇದ್ದ ಊಟ ಒಂದು ಲೋಟಕ್ಕೆ ಇಳಿದುಬಿಡುತ್ತಿತ್ತು. ಸ್ಟ್ರಾದಲ್ಲಿ ಎಳೆದರೆ ಕ್ಷಣದಲ್ಲಿ ಖಾಲಿ. ರುಚಿಗೇನೂ ಕೊರತೆಯಿರಲಿಲ್ಲ. ಆದರೆ ಅವರು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ನನಗೆ ಮತ್ತೆ ಹಸಿವು.

“ಈಗ ಕುಡಿದದ್ದಷ್ಟೇ ಅಲ್ವಾ? ನಿನ್ನ ಹೊಟ್ಟೆಯಲ್ಲಿ ಎಂತ ಉಂಟು ಮಾರಾಯ್ತಿ?” ಎಂದು ನಗುತ್ತಿದ್ದರು.

ಕುಡಿದದ್ದು ಹೊಟ್ಟೆಗೆ ಹೋದದ್ದು ನಿಜ, ಬಾಯಿಗೆ ಮಾತ್ರ ಊಟವೇ ಆಗಿರಲಿಲ್ಲ. ಅವರು ಹಪ್ಪಳ ಮುರಿಯುವ ಸದ್ದಿಗೆ ಒಮ್ಮೆ ನನಗೆ ಅಳು ಬಂತು. ಮರುದಿನದಿಂದ ಅವರು ಹಪ್ಪಳ ಸುಡುವುದನ್ನೇ ನಿಲ್ಲಿಸಿದರು.

ಒಂದು ದಿನ ಅವರು ಮದುವೆಗೆಂದು ಈಶ್ವರಮಂಗಲಕ್ಕೆ ಹೋಗಿದ್ದಾಗ ಕರೆಂಟು ಹೋಯಿತು. ಮಧ್ಯಾಹ್ನವಾದರೂ ಬರಲಿಲ್ಲ. ನನ್ನನ್ನು ನೋಡಲು ಬಂದ ಪಕ್ಕದ ಮನೆಯ ಬ್ಯಾರಿ ಹೆಂಗಸು, “ಟೀಚರ್ರೇ, ಊಟ ಆಯ್ತಾ?” ಎಂದು ಕೇಳಿದರು. ನಾನು ಮಿಕ್ಸಿಯ ಕಡೆ ಕೈ ತೋರಿಸಿದೆ.

“ಅದಕ್ಕೆ ಮಿಕ್ಸಿ ಯಾಕೆ ಮಾರಾಯ್ರೆ? ಮೊಮ್ಮಗನಿಗೆ ತಂದ ರಾಗಿ ಹುಡಿ ಉಂಟು. ಈಗ ಕಾಸಿ ತರ್ತೇನೆ.”

ಅವರು ತಂದ ರಾಗಿ ಗಂಜಿ ಎಷ್ಟು ದಪ್ಪವಿತ್ತೆಂದರೆ ಸ್ಟ್ರಾದಲ್ಲಿ ಏರಲೇ ಇಲ್ಲ.

“ನೀರು ಹಾಕುದಾ?” ಎಂದರು. ಬೇಡವೆಂದು ತಲೆಯಾಡಿಸಿ, ಸಣ್ಣ ಚಮಚದಲ್ಲಿ ತೆಗೆದು ಕೆನ್ನೆಯ ಒಳಬದಿಗೆ ಹಾಕಿಕೊಂಡೆ. ಕೊನೆಯ ದವಡೆಹಲ್ಲಿನ ಹಿಂದಿನ ಸಂದಿಯಿಂದ ಗಂಜಿ ನಿಧಾನವಾಗಿ ನಾಲಿಗೆಗೆ ಬಂತು. ಬಾಯಲ್ಲಿ ಅದಕ್ಕೊಂದು ತೂಕವಿತ್ತು. ಅದನ್ನು ನಾಲಿಗೆಯಿಂದ ತಳ್ಳಿ ನುಂಗಬೇಕಿತ್ತು. ಅವರು ಮಗಳ ಹೆರಿಗೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದರೂ ಬಟ್ಟಲಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

ಸಂಜೆ ಗಂಡ ಗಾಬರಿಯಿಂದ ಬಂದರು. “ಎಂತದೂ ಕುಡಿಲಿಲ್ವಾ? ಕರೆಂಟು ಬಂದಿದೆ, ಈಗ ಅರೆದು ಕೊಡ್ತೇನೆ.”

“ಹಸಿವಿಲ್ಲ,” ಎಂದು ಬಿಗಿದ ಹಲ್ಲುಗಳ ನಡುವಿನಿಂದಲೇ ತೊದಲಿದೆ. ಅವರು ನಂಬದೆ ನನ್ನ ಹಣೆ ಮುಟ್ಟಿ ನೋಡಿದರು.

ಆಮೇಲಿನ ದಿನಗಳಲ್ಲಿ ಎಲ್ಲವನ್ನೂ ದಪ್ಪವಾಗಿ, ಅಗಲದ ಬಟ್ಟಲಿನಲ್ಲಿ ಕೇಳಿ ಹಾಕಿಸಿಕೊಳ್ಳತೊಡಗಿದೆ. ಅವರ ಎದುರಿಗೇ ಕುಳಿತು, ಅವರು ಉಂಡು ಮುಗಿಸುವವರೆಗೂ ಚಮಚ ಆಡಿಸುತ್ತಿದ್ದೆ.

ತಂತಿ ತೆಗೆದ ದಿನ ಬಾಯಿ ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಮೆತ್ತಗಿನದ್ದನ್ನು ತಿನ್ನಬಹುದು ಎಂದಿದ್ದರು ಡಾಕ್ಟರು. ಗಂಡ ಅಕ್ಕಿ ತರಿಯ ಉಂಡೆ ಕಟ್ಟಿ ಪುಂಡಿ ಬೇಯಿಸಿ, ಚೂರು ಮಾಡಿ, ಸಾರಿನಲ್ಲಿ ನೆನೆಸಿಟ್ಟರು. ಆ ತರಿ ಹಲ್ಲಿಗೆ ಸಿಕ್ಕಿತು. ದವಡೆ ನೋಯುತ್ತಿದ್ದರೂ ಬಿಡದೆ ಜಗಿದೆ. ಒಂದು ಪುಂಡಿ ಮುಗಿದು ಎರಡನೆಯದು ಅರ್ಧವಾಗುವಷ್ಟರಲ್ಲಿ ಸಾಕೆನಿಸಿತು.

“ಇಷ್ಟು ದಿನ ಹಸಿವು ಹಸಿವು ಅಂತಿದ್ದವಳಿಗೆ ಇಷ್ಟೇ ಸಾಕಾ?”

“ಹೊಟ್ಟೆ ತುಂಬಿತು,” ಎಂದೆ. ಬಹಳ ದಿನಗಳ ಮೇಲೆ ಆ ಮಾತು ಬಾಯಿಂದ ಸ್ಪಷ್ಟವಾಗಿ ಬಂತು. ಅವರು ನನ್ನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಉಳಿದದ್ದನ್ನು ತಿನ್ನತೊಡಗಿದರು.